ಕಾಮಾಲೆಯೆಂಬ ಹೆಸರೂ ಯಕೃದ್ರೋಗದ ನಿದಾನವೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಕಣ್ಣು ಹಳದಿಯಾದವರಿಗೆ ಕಾಮಾಲೆಯೆಂದು ಹೇಳಿ ನಾಟಿಮದ್ದು ಕೊಡುವುದು ರೂಢಿ. ಕಿರುನೆಲ್ಲಿಯು ಅದಕ್ಕೆ ಪ್ರಸಿದ್ಧವಾದ ಮೂಲಿಕೆ. ಈ ಹೆಸರು ಲಕ್ಷಣವನ್ನು ಹೇಳುವುದೇ ಹೊರತು ಕಾರಣವನ್ನು ಹೇಳುವುದಿಲ್ಲ. ಆದರೂ ಶಾಸ್ತ್ರಕಾರರು ಹಳದಿಯೊಂದನ್ನೇ ಕಂಡು ತೃಪ್ತರಾಗಲಿಲ್ಲ. ಪಿತ್ತವು ಅತಿಯಾಗಿ ಬೆಳೆದು ಹುಟ್ಟುವ ಕಾಮಾಲೆ ಬೇರೆ, ಕಫದಿಂದ ಪಿತ್ತದ ಮಾರ್ಗವು ಮುಚ್ಚಿ ಹುಟ್ಟುವುದು ಬೇರೆ. ಎರಡನೆಯದರಲ್ಲಿ ಮಲವು ಅರೆದ ಎಳ್ಳಿನಂತೆ ಬಿಳುಪಾಗಿರುವುದೆಂದು ಚರಕಸಂಹಿತೆಯ ಪಾಂಡುರೋಗಪ್ರಕರಣವು ಭೇದವನ್ನು ತೋರಿಸಿದೆ. ಪಿತ್ತನಾಳವು ಕಟ್ಟಿದಾಗ ಮಲದ ಬಣ್ಣವು ಹೋಗುವುದನ್ನು ಇಂದಿನ ವೈದ್ಯರೂ ಒಪ್ಪುವರು.

ಈಚೆಗೆ ಹೊಸ ವಾದವೊಂದು ಹೊರಟಿದೆ. ಚೀನದೇಶದ ಸಂಪ್ರದಾಯವೈದ್ಯರು ನಾಲಗೆಯನ್ನೂ ನಾಡಿಯನ್ನೂ ನೋಡಿ, ಯಕೃತ್ತಿನ ದೀರ್ಘಕಾಲದ ಉರಿಯೂತವೊಂದನ್ನೇ ಹಲವು ‘ಝೆಂಗ್’ಗಳಾಗಿ ವಿಂಗಡಿಸುವರು. ಆ ವಿಂಗಡಣೆಗೆ ಹೊಂದುವ ಗುರುತುಗಳನ್ನು ಜೀವಕೋಶದೊಳಗೆ ಹುಡುಕುವ ಸಂಶೋಧನೆಗಳು ಅಲ್ಲಿ ನಡೆದಿವೆ. ಅಕ್ಷರಗಳು ಇದ್ದಂತೆಯೇ ಇದ್ದು, ಸ್ವರಭೇದಮಾತ್ರದಿಂದ ‘ಇಂದ್ರಶತ್ರು’ ಶಬ್ದದ ಅರ್ಥವು ತಿರುಗಿಬಿದ್ದಿತಷ್ಟೆ. ಹಾಗೆಯೇ ಡಿ.ಎನ್.ಎ.ಯ ಅಕ್ಷರಕ್ರಮವು ಬದಲಾಗದೆ, ಅದಕ್ಕೆ ಹತ್ತುವ ಮೀಥೈಲ್ ಮೊದಲಾದ ಗುರುತುಗಳಿಂದ ಜೀನುಗಳ ವ್ಯಾಪಾರವು ಹೆಚ್ಚುವುದು ಅಥವಾ ಕುಗ್ಗುವುದು. ಈ ವಿಷಯದ ಶಾಸ್ತ್ರವೇ ಎಪಿಜೆನೆಟಿಕ್ಸ್. ಇದರಿಂದ ಚೀನೀಯರ ಝೆಂಗ್ ಮಾತ್ರವಲ್ಲದೆ ಭಾರತೀಯರ ತ್ರಿದೋಷಗಳೂ ಸಿದ್ಧವಾದುವೆಂಬುದು ಪೂರ್ವಪಕ್ಷ.

ಇದು ವಿಚಾರಕ್ಕೆ ನಿಲ್ಲದು. ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿಸೌದೆಯೂ ಬೇಕೆಂದು ನೈಯಾಯಿಕರು ಉಪಾಧಿಯನ್ನು ತೋರಿಸುವರು. ವಯಸ್ಸು, ಮದ್ಯಪಾನ, ಯಕೃತ್ತಿನ ಕೊಬ್ಬು, ರೋಗವು ಮುಂದುವರಿದ ಮಟ್ಟ ಇವೆಲ್ಲವೂ ಇಲ್ಲಿ ಉಪಾಧಿಗಳು. ರೋಗದ ಮಟ್ಟವೇ ನಾಲಗೆಯನ್ನೂ ಜೀನುಗಳ ಗುರುತನ್ನೂ ಒಟ್ಟಿಗೆ ಬದಲಿಸಿದ್ದರೆ ಅವೆರಡರದು ಸಾಹಚರ್ಯವೇ ಹೊರತು ವ್ಯಾಪ್ತಿಯಲ್ಲ. ಅಲ್ಲದೆ, ಒಬ್ಬನೇ ರೋಗಿಯನ್ನು ಬೇರೆ ಬೇರೆಯಾಗಿ ನೋಡಿದ ಇಬ್ಬರು ವೈದ್ಯರು ಒಂದೇ ಝೆಂಗನ್ನು ಹೇಳುವರೆಂಬುದು ಮೊದಲು ಸಿದ್ಧವಾಗಬೇಕು.

ಕಿರುನೆಲ್ಲಿಯ ವೃತ್ತಾಂತವೂ ಎಚ್ಚರವನ್ನೇ ಕಲಿಸುವುದು. 1988ರಲ್ಲಿ ಮದರಾಸಿನ ತ್ಯಾಗರಾಜನ್, ಅಮೆರಿಕದ ಬ್ಲೂಂಬರ್ಗ್ ಮೊದಲಾದವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಈ ಮದ್ದನ್ನು ಸೇವಿಸಿದ 37 ಮಂದಿ ಹೆಪಟೈಟಿಸ್ ಬಿ ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಕುರುಹು ಮಾಯವಾಯಿತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಬೇರೆಡೆಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಈ ಫಲವು ಮರಳಿ ಕಾಣಲಿಲ್ಲ.

ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ಶಮನವಾಗುವುದು. ಅಲ್ಲಿ ಮದ್ದಿಗೆ ಸಲ್ಲುವ ಕೀರ್ತಿಯು ಕಾಕತಾಲೀಯವಾಗಿರಬಹುದು. ದೀರ್ಘಕಾಲದ ಹೆಪಟೈಟಿಸ್ ಬಿ ಹಾಗಲ್ಲ. ಅದರ ಬೀಜವು ಯಕೃತ್ಕೋಶದ ಕೇಂದ್ರದಲ್ಲಿ ನೆಲಸಿರುವುದು. ಎಷ್ಟೋ ಜನರಿಗೆ ಕಣ್ಣು ಹಳದಿಯಾಗದೆಯೇ ಯಕೃತ್ತು ಗಡುಸಾಗುವುದು, ಅರ್ಬುದವೂ ಹುಟ್ಟಬಹುದು. ಹಳದಿ ಇಳಿದೊಡನೆ ರೋಗವು ಹೋಯಿತೆಂದು ನಂಬಿದವನು ಮೋಸಹೋಗುವನು.

ಆದುದರಿಂದ ಕಾಮಾಲೆಯೆಂಬ ಹೆಸರು ನಿದಾನಕ್ಕೆ ಆರಂಭವಾಗಲಿ, ಅಂತ್ಯವಾಗದಿರಲಿ. ಮಲದ ಬಣ್ಣವನ್ನು ಕೇಳಿದ ಚರಕನ ಮಾರ್ಗವನ್ನು ಅನುಸರಿಸುವವರು ರಕ್ತಪರೀಕ್ಷೆಯನ್ನು ಬೇಡವೆನ್ನಲಾರರು. ಶಾಸ್ತ್ರದ ಗೌರವವು ಹೊಸ ಪದಗಳ ಸಾಕ್ಷ್ಯದಿಂದ ಬರುವುದಲ್ಲ; ಭೇದವನ್ನು ಕಾಣುವ ಅದರ ದೃಷ್ಟಿಯನ್ನು ಉಳಿಸಿಕೊಳ್ಳುವುದರಿಂದ ಬರುವುದು.