ಪ್ರೀತಿಗೆ ಸ್ವಾತಂತ್ರ್ಯವೇ ಉಸಿರು

ಅಮೆರಿಕದ ಲೇಖಕಿ ಆಡ್ರೆ ನಿಫೆನೆಗ್ಗರ್ ಅವರ ‘ದಿ ಟೈಮ್ ಟ್ರಾವೆಲರ್ಸ್ ವೈಫ್’ (2003) ಕಾದಂಬರಿಯ ಕುರಿತು ಓದುಗರಲ್ಲಿ ಇಂದಿಗೂ ಒಮ್ಮತವಿಲ್ಲ. ಶಿಕಾಗೋದ ಗ್ರಂಥಪಾಲಕ ಹೆನ್ರಿ, ವಂಶವಾಹಿಯ ದೋಷದಿಂದ, ತನ್ನ ಇಚ್ಛೆಯಿಲ್ಲದೆಯೇ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಎಸೆಯಲ್ಪಡುತ್ತಾನೆ. ಕಥೋಲಿಕ ಮನೆತನದ ಕ್ಲೇರ್ ಅವನನ್ನು ಮೊದಲು ಕಂಡಾಗ ಅವಳಿಗೆ 6 ವರ್ಷ, ಅವನಿಗೆ 36.

ಅಗಲಿಕೆಯನ್ನು ಸಹಿಸಿ ಕಾಯುವ ಆಕೆಯಲ್ಲಿ ಅನೇಕರು ದಾಂಪತ್ಯನಿಷ್ಠೆಯ ಆದರ್ಶವನ್ನು ಕಂಡಿದ್ದಾರೆ. ಇವನೇ ತನ್ನ ಪತಿಯೆಂದು ಎಳೆಯ ವಯಸ್ಸಿನಲ್ಲೇ ತಿಳಿದವಳಿಗೆ ಆಯ್ಕೆಯೆಲ್ಲಿತ್ತು ಎಂಬುದು ಇನ್ನು ಕೆಲವರ ಆಕ್ಷೇಪ.

ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ವಿವಾಹ ಸಂಸ್ಕಾರದಲ್ಲಿ ಗುರುಗಳು ವಧೂವರರನ್ನು ಮೊದಲು ಕೇಳುವುದು, ಬಲವಂತವಿಲ್ಲದೆ ಸ್ವಇಚ್ಛೆಯಿಂದ ಬಂದಿರುವಿರಾ ಎಂದೇ. ಮುಂದಾಗುವುದನ್ನು ದೇವರೂ ಬಲ್ಲರು. ಆದರೆ ಆ ಅರಿವು ನಮ್ಮ ಸ್ವಾತಂತ್ರ್ಯವನ್ನು ಕಸಿಯದೆಂದು 6ನೇ ಶತಮಾನದಲ್ಲೇ ಬೊಯಿಥಿಯಸ್ ವಾದಿಸಿದ್ದನು. ಹೆನ್ರಿಯ ಅರಿವು ಹಾಗಲ್ಲ. ಅವನು ಮರೆಮಾಚಲು ಯತ್ನಿಸಿದರೂ, ಅವನ ಬರುವಿಕೆಯೇ ಹುಡುಗಿಗೆ ಎಲ್ಲವನ್ನೂ ಹೇಳಿಬಿಡುತ್ತದೆ.

ಕ್ಲೇರಳ ತಾಳ್ಮೆಯನ್ನು ಮೆಚ್ಚೋಣ. ಆದರೆ ‘ಇವಳು ಇಂಥವನಿಗೇ’, ‘ಇವನು ಡಾಕ್ಟರನೇ’ ಎಂದು ತೊಟ್ಟಿಲಲ್ಲೇ ಮಕ್ಕಳ ನಾಳೆಯನ್ನು ಬರೆದಿಡುವ ನಮಗೂ ಈ ಕಾದಂಬರಿ ಕನ್ನಡಿಯಾಗಲಿ. ಕಾಯುವ ಪ್ರೀತಿ ದೊಡ್ಡದು. ಬಿಟ್ಟುಕೊಡಬಲ್ಲ ಪ್ರೀತಿ ಅದಕ್ಕಿಂತ ದೊಡ್ಡದು.