ಮಂಡಿಯ ಪಟ್ಟಿ ಯಾಕೆ ಮುಗ್ಗರಿಸಿತು?

ಚನ್ನಗಿರಿಯ ಅಡಿಕೆ ಮಂಡಿಯೊಂದಕ್ಕೆ ಆ್ಯಂಡ್ರಾಯ್ಡ್ ಆ್ಯಪ್ ಬರೆದುಕೊಟ್ಟಿದ್ದೆ. ರೈತನ ಹೆಸರು, ಊರು, ತಾಲ್ಲೂಕು, ರಾಶಿಯೋ ಬೆಟ್ಟೆಯೋ ಗೊರಬಲೋ, ತೂಕ, ಜೊತೆಗೊಂದು ಫೋಟೊ. ಪಟ್ಟಿ ಥಟ್ಟನೆ ತೆರೆಯುತ್ತಿತ್ತು. ಕೆಳಗೆ ಸರಿಸಿದರೆ ಮಾತ್ರ ಹದಿನೈದಿಪ್ಪತ್ತು ಸಾಲಿಗೊಮ್ಮೆ ಗಕ್ಕನೆ ನಿಲ್ಲುತ್ತಿತ್ತು. ‘ಫೋನ್ ಹಳೇದಾಯ್ತು, ಬದಲಾಯಿಸಿ ಸಾವ್ಕಾರ್ರೆ’ ಅಂದುಬಿಟ್ಟೆ. ಫೋನಿನ ತಪ್ಪೇನೂ ಇರಲಿಲ್ಲ. ಡೇಟಾಬೇಸಿನ ಸಾಲುಗಳನ್ನು ಓದಿಕೊಡುವುದು ಕರ್ಸರ್; ಅದನ್ನು ನಡೆಸುವ ಕರ್ಸರ್‌ಲೋಡರ್ ಎಲ್ಲ ನೋಡಿಕೊಳ್ಳುತ್ತದೆಂದು ನಾನು ನಂಬಿದ್ದೆ.

ಅದಕ್ಕೂ ಹಿಂದೆ ಸ್ಟಾರ್ಟ್‌ಮ್ಯಾನೇಜಿಂಗ್‌ಕರ್ಸರ್ ಎಂಬ ಒಂದು ಸಾಲು ಬರೆದರೆ ಕರ್ಸರ್‌ನ ಆರೈಕೆಯೆಲ್ಲ ಆಕ್ಟಿವಿಟಿಯದು. ಆದರೆ ಪರದೆಗೆ ಮರಳಿದಾಗಲೆಲ್ಲ ಕ್ವೆರಿ ಪರದೆಯನ್ನು ನಡೆಸುವ ಮುಖ್ಯ ಥ್ರೆಡ್‌ನಲ್ಲೇ ಮತ್ತೆ ಓಡುತ್ತಿತ್ತು. ಗಲ್ಲಾದಲ್ಲಿ ಕೂತವನೇ ಗೋದಾಮಿಗೂ ಓಡಿದ ಹಾಗೆ. 2011ರ ಆ್ಯಂಡ್ರಾಯ್ಡ್ ಆವೃತ್ತಿ ಹನಿಕೋಂಬ್ ಅದನ್ನು ಬದಿಗಿಟ್ಟು ಲೋಡರ್ ತಂದಿತು. ಓದುವ ಕೆಲಸ ಹಿನ್ನೆಲೆಗೆ ಹೋಯಿತು, ಹಳೆಯ ಕರ್ಸರ್ ತಾನಾಗಿ ಮುಚ್ಚಿಕೊಂಡಿತು. ಹೆಸರಿಡುವುದರಲ್ಲಿ ಮಾತ್ರ ಎಡವಿದರು: ಪಟ್ಟಿಗೆ ಸಾಲು ಒದಗಿಸುವ ಅಡಾಪ್ಟರ್‌ನ ಚೇಂಜ್‌ಕರ್ಸರ್ ಹಳೆಯದನ್ನು ಮುಚ್ಚುತ್ತದೆ, ಸ್ವಾಪ್‌ಕರ್ಸರ್ ಮುಚ್ಚದೆ ವಾಪಸು ಕೊಡುತ್ತದೆ. ಹೆಸರು ನೋಡಿ ಯಾರು ಊಹಿಸಿಯಾರು?

ಲೋಡರ್‌ಗೆ ಸಂದ ಹೊಗಳಿಕೆ ನ್ಯಾಯವೇ. ಆದರೆ ಅದು ಸರಿಪಡಿಸಿದ್ದು ಮೊದಲ ತುತ್ತನ್ನಷ್ಟೇ. ಕರ್ಸರ್ ಇಡೀ ಫಲಿತಾಂಶವನ್ನು ಹೊತ್ತು ತರುವುದಿಲ್ಲ. ಸುಮಾರು 2 ಎಂಬಿಯ ಕಿಟಕಿಯಲ್ಲಿ ಹಿಡಿದಷ್ಟೇ ತರುತ್ತದೆ. ಹೆಸರು, ತೂಕ ಮಾತ್ರವಿದ್ದರೆ ಸಾವಿರಾರು ಸಾಲು ಹಿಡಿಯುತ್ತವೆ. ಸಾಲಿಗೊಂದು 100 ಕೆಬಿಯ ಫೋಟೊ ತುರುಕಿದರೆ ಇಪ್ಪತ್ತಕ್ಕೆ ಕಿಟಕಿ ಭರ್ತಿ. ಮುಂದಿನ ಸಾಲು ಬೇಕೆಂದಾಗ ಕ್ವೆರಿ ಮೊದಲಿನಿಂದ ಓಡಿ, ಹಿಂದಿನವನ್ನೆಲ್ಲ ದಾಟಿ, ಕಿಟಕಿಯನ್ನು ಮತ್ತೆ ತುಂಬಬೇಕು. ಅದೂ ಸಾಲನ್ನು ಪರದೆಗೆ ತುಂಬುವ ಬೈಂಡ್‌ವ್ಯೂ ನಡೆಯುವಾಗ, ಅದೇ ಮುಖ್ಯ ಥ್ರೆಡ್‌ನಲ್ಲಿ! ಕೆಳಗಿಳಿದಷ್ಟೂ ದಾಟುವ ಸಾಲು ಹೆಚ್ಚು. ಒಂದೇ ಸಾಲು 2 ಎಂಬಿ ಮೀರಿದರಂತೂ ಆ್ಯಪ್ ಮಗುಚಿಕೊಳ್ಳುತ್ತದೆ.

ಇನ್ನೊಂದು ಪೇಚು ಇದಕ್ಕಿಂತ ಸೂಕ್ಷ್ಮ. ನಮ್ಮ ಪಟ್ಟಿ ತಾಲ್ಲೂಕಿನ ಅಕಾರಾದಿಯಲ್ಲಿತ್ತು: ಚನ್ನಗಿರಿ, ಜಗಳೂರು, ನ್ಯಾಮತಿ, ಹೊನ್ನಾಳಿ. ನ್ಯಾಮತಿ ಹೊನ್ನಾಳಿಯಿಂದ ಬೇರೆ ತಾಲ್ಲೂಕಾದ್ದರಿಂದ ಹಳೆಯ ನಮೂದುಗಳನ್ನು ತಿದ್ದಬೇಕಿತ್ತು. ಪಟ್ಟಿ ತೆರೆದಿರುವಾಗಲೇ ಹೊನ್ನಾಳಿಯ ರೈತನೊಬ್ಬನನ್ನು ನ್ಯಾಮತಿಗೆ ತಿದ್ದಿದರೆ ಅವನು ಮೇಲಕ್ಕೆ ಜಿಗಿಯುತ್ತಾನೆ, ನಡುವಿನವರು ಒಂದೊಂದು ಸ್ಥಾನ ಕೆಳಗಿಳಿಯುತ್ತಾರೆ. ಮುಂದಿನ ಕಿಟಕಿ ತುಂಬಿದಾಗ ಕಂಡವನೇ ಮತ್ತೆ ಕಾಣುತ್ತಾನೆ. ತಿದ್ದಿಸಿಕೊಂಡವನು ಸಿಗುವುದೇ ಇಲ್ಲ. ಬದಲಾವಣೆಯ ಸುದ್ದಿಯನ್ನು ಲೋಡರ್‌ಗೆ ಮುಟ್ಟಿಸಿದರೆ ಪಟ್ಟಿ ಹೊಸದಾಗುತ್ತದೆ. ಮುಟ್ಟಿಸುವ ಆ ಒಂದು ಸಾಲು ಮರೆಯುವುದೇ ಹೆಚ್ಚು.

2018ರಲ್ಲಿ ಲೋಡರ್‌ಗಳಿಗೂ ನಿವೃತ್ತಿಯಾಯಿತು. ಈಗ ರೂಮ್, ಪೇಜಿಂಗ್ ಲೈಬ್ರರಿಗಳ ಕಾಲ. ಪುಟಗಳನ್ನು ಹಿನ್ನೆಲೆಯಲ್ಲಿ ತರುವ ಪೇಜಿಂಗ್ ಈ ರೋಗಕ್ಕೆ ನಿಜವಾದ ಮದ್ದು. ಹಾಗೆಂದು ಜಗಳೂರಿನ ಗೊಬ್ಬರದಂಗಡಿಯ ಇನ್ನೂರು ಹೆಸರಿಗೂ ಅದನ್ನೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಹಿನ್ನೆಲೆಯಲ್ಲಿ ಒಮ್ಮೆ ಓದಿ, ಕರ್ಸರ್ ಮುಚ್ಚಿದರೆ ಸಾಕು. ರೂಮ್ ಕರ್ಸರನ್ನು ಕಣ್ಣಿಂದ ಮರೆಮಾಡಿದೆ, ಕಿಟಕಿಯ ಅಳತೆಯನ್ನೇನೂ ಹಿಗ್ಗಿಸಿಲ್ಲ.

ಕೊನೆಗೆ ಫೋಟೊಗಳನ್ನು ಫೈಲಿಗೆ ಹಾಕಿ, ಟೇಬಲ್ಲಿನಲ್ಲಿ ಅವುಗಳ ವಿಳಾಸ ಮಾತ್ರ ಬಿಟ್ಟೆ. ಪಟ್ಟಿ ನೀರಿನಂತೆ ಜಾರಿತು. ಅಷ್ಟರಲ್ಲಿ ಸಾವ್ಕಾರ್ರು ಹೊಸ ಫೋನ್ ತಗೊಂಡಾಗಿತ್ತು.