ಯಮುನಕ್ಕ ಎಲ್ಲಿಗೆ ಹೋದಳು?

ತರಗತಿಯಲ್ಲಿ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ಮುಗಿಸಿದ ದಿನ, ಹೊಳಲೂರಿನಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಆಮೇಲೆ ಯಮುನಕ್ಕ ಎಲ್ಲಿಗೆ ಹೋದಳು ಸಾರ್?” ಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ. ಸಂಕೇತ, ನಿರೂಪಣೆ ಎಂದು ಗಂಟೆಗಟ್ಟಲೆ ಮಾತನಾಡಿದ್ದ ನನ್ನಲ್ಲಿಯೂ ಇರಲಿಲ್ಲ. ವಿಮರ್ಶೆಯು ಕೇಳಬೇಕಾಗಿದ್ದುದನ್ನು ಆ ಹುಡುಗಿ ಕೇಳಿದ್ದಳು.

1963ರ ‘ಪ್ರಶ್ನೆ’ ಸಂಕಲನದ ಈ ಕಥೆಯು ನಮ್ಮ ಮಲೆನಾಡಿನದೇ. ತರುಣ ವಿಧವೆ ಯಮುನಕ್ಕ ಗರ್ಭಿಣಿಯಾಗುತ್ತಾಳೆ; ಕಾರಣನಾದ ಶಾಲೆಯ ಮೇಷ್ಟ್ರು ಕೈಬಿಡುತ್ತಾನೆ; ವೇದಪಾಠ ಹೇಳುವ ತಂದೆಯು ಜೀವಂತ ಮಗಳಿಗೇ ಶ್ರಾದ್ಧ ಮಾಡಿ ಮುಗಿಸುತ್ತಾನೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಇದನ್ನು ತೆರೆಗೆ ತಂದಾಗ ಅದಕ್ಕೆ ಸ್ವರ್ಣಕಮಲ ದೊರೆಯಿತು. ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತ ಯಮುನಕ್ಕನನ್ನು ಆ ಚಿತ್ರ ನೋಡಿದವರಾರೂ ಮರೆಯಲಾರರು. ಇತ್ತ ಮುದಿ ತಂದೆಗೆ ಎಳೆಯ ಹುಡುಗಿಯೊಡನೆ ಮರುಮದುವೆಯ ಮಾತು!

ಕಥೆ ಅಲ್ಲಿಗೆ ನಿಲ್ಲುತ್ತದೆ. ಹೆಣ್ಣುಗಳ ವ್ಯಾಪಾರ ಮಾಡುವವನ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಹೊರಹಾಕಲ್ಪಟ್ಟವರೆಲ್ಲರೂ ಅವನ ಕೈಗೇ ಬೀಳುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಅಂಥವನು ಹುಡುಕುವುದು ರೂಪವನ್ನಷ್ಟೇ ಅಲ್ಲ. ಯಾರೂ ದಾರಿ ಕಾಯದ, ಕಾಣೆಯಾದರೆ ಯಾರೂ ಹುಡುಕದ ಹೆಣ್ಣನ್ನು. ಅವನು ಬರುವುದೂ ನೆಂಟನ ವೇಷದಲ್ಲಿಯೇ. “ತಂಗಿ” ಎಂದು ಕರೆಯುತ್ತಾನೆ, ಕೆಲಸ ಕೊಡಿಸುತ್ತೇನೆನ್ನುತ್ತಾನೆ, ಕೆಲವೊಮ್ಮೆ ತಾಳಿಯನ್ನೂ ಕಟ್ಟುತ್ತಾನೆ. ಮನೆಯು ಕಡಿದ ಸಂಬಂಧವನ್ನು ಸುಳ್ಳಾಗಿ ಬೆಸೆದು ಕೊಡುವುದೇ ಅವನ ವಿದ್ಯೆ. ಮುಂದೆ ಅವಳು ಓಡಿಹೋಗದಂತೆ ಕಾಯಲು ಬೀಗವೂ ಬೇಕಾಗದಿರಬಹುದು, “ನಿನ್ನನ್ನು ಮನೆಗೆ ಸೇರಿಸುವವರಾರು?” ಎಂಬ ಒಂದು ಮಾತೇ ಸಾಕು. ಆ ಬೀಗವನ್ನು ಮಾಡಿಕೊಟ್ಟವರು ಮನೆಯವರೇ.

ಈ ಕಥೆಯ ಪಕ್ಕದಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು (1899) ಇಟ್ಟು ನೋಡಬೇಕು. ಇಂದಿರೆಯೂ ಎಳೆಯ ವಿಧವೆಯೇ. ಅವಳ ಅಪಾಯ ಬೀದಿಯಲ್ಲಿಲ್ಲ, ಮನೆಯಲ್ಲಿಯೇ ಇದೆ: ತಾಯಿ ಅಂಬಾಬಾಯಿಯೇ ಮಗಳನ್ನು ಕಪಟ ಸಂತರ ಸೇವೆಗೆ ನೂಕಲು ನಿಂತವಳು. ಆದರೆ ಇಂದಿರೆಗೆ ಓಡಿಹೋಗಲು ಇನ್ನೊಂದು ಬಾಗಿಲಿತ್ತು. ಅಮೃತರಾಯನ ಮನೆ ಅವಳಿಗೆ ಆಶ್ರಯವಿತ್ತಿತು, ವಿದ್ಯೆಯನ್ನಿತ್ತಿತು. ಕೊನೆಗೆ ಅವಳು ತನಗೊಪ್ಪಿದ ಭಾಸ್ಕರನನ್ನು ವರಿಸಿದಳು.

ಯಮುನಕ್ಕನಿಗೆ ಪ್ರೀತಿಯೇ ಇರಲಿಲ್ಲವೆನ್ನುವಂತಿಲ್ಲ. ಪಾಠಕ್ಕೆ ಬಂದ ಪುಟ್ಟ ಹುಡುಗ ಅವಳನ್ನು ‘ಅಕ್ಕ’ ಎಂದು ಹಚ್ಚಿಕೊಂಡಿದ್ದ. ಆದರೆ ಅವನಿಗೆ ಕೊಡಲು ಮನೆಯಿರಲಿಲ್ಲ. ಅಮೃತರಾಯನಿಗೆ ಮನೆಯಿತ್ತು, ಊರಿನ ಮಾತನ್ನು ತಡೆದುಕೊಳ್ಳುವ ಶಕ್ತಿಯಿತ್ತು. ಹೆಣ್ಣನ್ನು ಉಳಿಸುವುದು ಬರಿಯ ಮಮತೆಯಲ್ಲ, ಬಾಗಿಲು ತೆರೆಯಬಲ್ಲ ಮಮತೆ.

ಕಲಾದೃಷ್ಟಿಯಿಂದ ‘ಘಟಶ್ರಾದ್ಧ’ವೇ ಮೇಲು, ಇದರಲ್ಲಿ ಸಂಶಯವಿಲ್ಲ. ‘ಇಂದಿರಾಬಾಯಿ’ಯಲ್ಲಿ ಒಳ್ಳೆಯವರಿಗೆ ಒಳ್ಳೆಯದು ತೀರ ಸುಲಭವಾಗಿ ಒದಗುತ್ತದೆ. ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ಹುಡುಗನ ಕಣ್ಣಿನಿಂದ ಕಂಡ ಕಥೆಯಾದುದರಿಂದ ಯಮುನಕ್ಕನ ಸಂಕಟವು ಕೊನೆಗೆ ಅವನ ದುಃಖವಾಗಿ ಉಳಿಯುತ್ತದೆ. ನಾವೂ ಅವನೊಡನೆ ಅತ್ತು, ಅವನೊಡನೆಯೇ ಊರು ಬಿಡುತ್ತೇವೆ. ಹಳೆಯ ಕಾದಂಬರಿಕಾರರಾದರೋ, ಕಲೆಯಲ್ಲಿ ಒರಟಾಗಿದ್ದರೂ, ಅವಳ ಹಿಂದೆಯೇ ನಡೆದು ಎಲ್ಲಿ ಮಲಗಿದಳು, ಏನು ಓದಿದಳು ಎಂದು ವಿಚಾರಿಸಿದರು.

ಸಾಹಿತ್ಯ ಅನುಮಾನಿಸಿದುದನ್ನು ಕಾನೂನು ಬಹು ಹಿಂದೆಯೇ ಒಪ್ಪಿದೆ. ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ 1982ರ ಕಾಯಿದೆಯು ಇತರರಿಗೆ 3 ವರ್ಷಗಳವರೆಗೆ ಸೆರೆವಾಸವೆಂದರೆ, ತಂದೆತಾಯಿ, ಪೋಷಕ ಅಥವಾ ನೆಂಟನೇ ಅಪರಾಧಿಯಾದಾಗ ಅದನ್ನು 5 ವರ್ಷಗಳವರೆಗೆ ಏರಿಸಿತು. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆಯ ಪ್ರಕಾರವೂ, ಬಿಡಿಸಿ ತಂದ ಹೆಣ್ಣನ್ನು ಮನೆಯವರಿಗೆ ಒಪ್ಪಿಸುವ ಮೊದಲು ಅವರು ಯೋಗ್ಯರೇ ಎಂದು ಮ್ಯಾಜಿಸ್ಟ್ರೇಟರು ವಿಚಾರಿಸಬೇಕು. ಮನೆಯೆಂದರೆ ರಕ್ಷಣೆಯೆಂದು ಕಣ್ಣುಮುಚ್ಚಿ ನಂಬುವುದು ನಾವು ಮಾತ್ರ.

ಇಂದು ನಾವು ಘಟ ಒಡೆದು ಶ್ರಾದ್ಧ ಮಾಡುವುದಿಲ್ಲ. “ಇನ್ನು ನೀನು ನಮ್ಮ ಪಾಲಿಗೆ ಸತ್ತೆ” ಎನ್ನುತ್ತೇವೆ, ಅಷ್ಟೆ. ಪ್ರೇಮಿಸಿ ಮೋಸಹೋದವಳಿಗೆ, ಗಂಡನ ಮನೆಯಿಂದ ಓಡಿಬಂದವಳಿಗೆ ಈ ಮಾತು ಸುಶಿಕ್ಷಿತರ ಮನೆಗಳಲ್ಲಿಯೂ ಕೇಳಿಬರುತ್ತದೆ. ಮಂತ್ರವಿಲ್ಲದಿದ್ದರೇನು, ಫಲ ಒಂದೇ.

ಹೊಳಲೂರಿನ ಹುಡುಗಿಗೆ ಮರುದಿನ ಉತ್ತರ ಹೇಳಿದೆ: “ಅವಳು ಎಲ್ಲಿಗೆ ಹೋದಳೆಂಬುದು ಆ ರಾತ್ರಿ ಯಾರ ಮನೆಯ ಬಾಗಿಲು ತೆರೆದಿತ್ತೆಂಬುದರ ಮೇಲೆ ನಿಂತಿದೆಯಮ್ಮ.” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮನೇದು ತೆರೀತಿತ್ತೋ ಇಲ್ಲವೋ ಸಾರ್” ಎಂದಳು. ನಮ್ಮ ಮನೆಯ ವಿಷಯದಲ್ಲಿ ನಾನೂ ಆ ದಿನದಿಂದ ಯೋಚಿಸುತ್ತಿದ್ದೇನೆ.